ಹದಿನಾಲ್ಕನೆಯ ಕೋಣೆ

ಹಾರ್ಲಿಂಗನ್ ಬಂದರಿನ ಹಿಂದೆ
ಕಡಲ ಒಡ್ಡಿಗೆ ಬೆನ್ನು ಕೊಟ್ಟು ನಿಂತ ಮನೆ.
ಮರೆತವರಿಗಾಗಿ ಮೂವತ್ತೊಂದು ಹಾಸಿಗೆ.
ರಾತ್ರಿ ಪಾಳಿಗೆ ನಾನೊಬ್ಬಳೇ,
ಜೊತೆಗೆ ಬಟ್ಟೆ ಒಗೆಯುವ ಯಂತ್ರ, ಒಂದು ಕಿವುಡು ಬೆಕ್ಕು.

ಎರಡೂವರೆಗೆ ಹದಿನಾಲ್ಕರ ಬಾಗಿಲು ತೆರೆಯುತ್ತದೆ.
ವೀಟ್ಸ್ಕೆ, ಎಂಬತ್ತೊಂದು,
ಅಂಚೆ ಕಚೇರಿಯಲ್ಲಿ ನಲವತ್ತು ವರ್ಷ ಮೊಹರು ಒತ್ತಿದವಳು,
ಗೋಡೆ ಸವರುತ್ತ ಹತ್ತೊಂಬತ್ತಕ್ಕೆ ಹೋಗುತ್ತಾಳೆ.
ಅಲ್ಲಿ ಡೌವೆ. ಹಿಂದೆ ದೋಣಿಯ ಇಂಜಿನ್ನು ರಿಪೇರಿ.
ನಿನ್ನ ಹೆಸರೇನು, ಅನ್ನುತ್ತಾಳೆ.
ಹೇಳುತ್ತಾನೆ. ಕೈ ಹಿಡಿಯಲೇ, ಅನ್ನುತ್ತಾನೆ.
ಪ್ರತಿ ರಾತ್ರಿ ಇದೇ, ಪ್ರತಿ ರಾತ್ರಿ ಹೊಸದು.

ಮೊದಲ ಸಲ ಕಂಡಾಗ ಟಾರ್ಚು ಆರಿಸಿದೆ,
ನಾಚಿಕೊಂಡೆ,
ನಾಚಿದ್ದಕ್ಕೆ ಆಮೇಲೆ ಸಿಟ್ಟು ಬಂತು.
ಹೊದಿಕೆ ಜಾರಿದ ಒಂದು ಹಿಮ್ಮಡಿ,
ಬಸ್ಸು ತಪ್ಪಿಸಿಕೊಂಡ ಹುಡುಗಿಯ ಹಾಗೆ ಅವಳ ನಗು.

ವರದಿಯಲ್ಲಿ ಕೇಳಿದ್ದಾರೆ: ಸಮ್ಮತಿ ಇತ್ತೇ?
ಹೌದಿಗೊಂದು ಚೌಕ, ಇಲ್ಲಕ್ಕೊಂದು.
ಮೂರನೆಯದಿಲ್ಲ.

ಸಭೆ ಸೇರಿತು. ಕಾಫಿ ಬಂತು.
ಇವತ್ತು ಯಾವ ವಾರವೆಂದು ತಿಳಿಯದವಳು
ಇದಕ್ಕೆ ಹೇಗೆ ಒಪ್ಪಿಯಾಳು? ಡಾಕ್ಟರು ಕೇಳಿದರು.
ಪ್ರತಿ ಸೋಮವಾರ ಮೀನಿನ ತಟ್ಟೆ ದೂಡುತ್ತಾಳಲ್ಲ, ಅಂದೆ,
ಆಗ ಅವಳ ಮಾತು ನಂಬುತ್ತೇವಲ್ಲ.
ಮೀನು ಬೇರೆ, ಅಂದರು.
ಎಲ್ಲಿಂದ ಬೇರೆ?
ಚಮಚಗಳು ಸುಮ್ಮನೆ ಕಪ್ಪಿನಲ್ಲಿ ತಿರುಗಿದವು.

ಮಗಳು ಆಫ್ಕೆ ಮೇಜು ಹಿಡಿದುಕೊಂಡೇ ಕೇಳಿದಳು:
ಹೂಂ ಅನ್ನುತ್ತಿರುವುದು ನನ್ನ ಅಮ್ಮನೋ,
ಅಮ್ಮನ ಮೈಯಲ್ಲಿ ಬಿಡಾರ ಹೂಡಿದ ಬೇರೆ ಯಾವಳೋ?
ಬೇರೆಯವಳಾದರೆ
ಅವಳಿಗೆ ಈ ಮೈ ಕೊಟ್ಟವರು ಯಾರು?

ಗಂಡ ಊಬೆಲೆ, ಮೊಣಕಾಲ ಮೇಲೆ ಹ್ಯಾಟು,
ಅಷ್ಟು ಹೊತ್ತಿಗೆ ಬಾಯಿ ತೆರೆದ.
ಅವನು ಕೇಳುತ್ತಾನೆಯೇ?
ಏನನ್ನು?
ಮುಟ್ಟುವ ಮೊದಲು.
ಕೇಳುತ್ತಾನೆ, ಅಂದೆ, ಪ್ರತಿ ಸಲ.
ನಿನ್ನೆ ಕೇಳಿದ್ದು ಅವನಿಗೂ ನೆನಪಿಲ್ಲ.

ಅರವತ್ತೊಂದರಲ್ಲಿ ಪುರಸಭೆಯ ಪುಸ್ತಕದಲ್ಲಿ
ಅವಳು ಒಂದು ಸಹಿ ಹಾಕಿದಳು, ಅಂದ ಊಬೆಲೆ.
ಆ ಒಂದೇ ಹೂಂ ಅನ್ನು
ಇಷ್ಟು ವರ್ಷ ಖರ್ಚು ಮಾಡಿದೆ.
ಕೇಳಬೇಕೆಂದು ಯಾರೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.
ಹೇಳಿದ್ದಳೇನೋ,
ಗೋಡೆಯ ಕಡೆ ತಿರುಗಿ ಮಲಗಿ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.
ನವೆಂಬರಿನ ಒಂದು ರಾತ್ರಿ, ಗಾಳಿ ಬಹಳ,
ವೀಟ್ಸ್ಕೆ ಬೇಡ ಅಂದಳು. ಸ್ಪಷ್ಟವಾಗಿ.
ಡೌವೆ ಕೈ ಹಿಂದೆಗೆದ, ಮಂಚದ ಅಂಚಿನಲ್ಲಿ ಕೂತು
ತನ್ನ ಬೆರಳುಗಳನ್ನೇ ನೋಡಿಕೊಂಡ.
ಅವಳನ್ನು ನಡೆಸಿಕೊಂಡು ಬಂದೆ.
ಗಂಜಿಯ ಹೊತ್ತಿಗೆ ಆ ಬೇಡವೂ ಹೋಗಿತ್ತು.

ಈಗ ಅದು ನನ್ನೊಬ್ಬಳ ಹತ್ತಿರ ಇದೆ,
ಏಪ್ರನ್ನಿನ ಜೇಬಿನಲ್ಲಿ, ಕೀಲಿಗೊಂಚಲಿನ ಜೊತೆ.
ಮಾರನೆಯ ರಾತ್ರಿ ಅವಳು ಮತ್ತೆ ನಗುತ್ತ ಹೊರಟಾಗ
ಅದನ್ನು ತೆಗೆದು ಅವಳಿಗೆ ತೋರಿಸಬೇಕಿತ್ತೇ?
ಆ ರಾತ್ರಿಯ ಒಲ್ಲೆ ಆ ರಾತ್ರಿಗೇ ಸಂದಿತೇ?
ಹಾಗಾದರೆ ಒಲಿದದ್ದೂ ಅಷ್ಟೇ ತಾನೆ,
ಬೆಳಗಾಗುವ ತನಕ.
ನನ್ನ ಹಾಸಿಗೆಯನ್ನೂ ನೆನೆದೆ, ಸುಳ್ಳೇಕೆ,
ನಿದ್ದೆ ಬಂದವಳ ಹಾಗೆ ನಟಿಸಿದ ರಾತ್ರಿಗಳನ್ನು,
ನೆನಪು ನೆಟ್ಟಗಿದ್ದೂ
ಎರಡರಲ್ಲಿ ಒಂದನ್ನೂ ಹೇಳದೆ ಕಳೆದದ್ದನ್ನು.

ಗುರುವಾರ ಬೆಳಿಗ್ಗೆ ಪಾಳಿ ಮುಗಿಸಿ
ಸೈಕಲ್ಲಿನ ಬೀಗ ಹುಡುಕುತ್ತಿದ್ದೆ.
ಊಬೆಲೆ ಬಂದ, ಎಂದಿನಂತೆ ಶುಂಠಿ ಕೇಕು ತಂದಿದ್ದ.
ಎಂದಿನಂತೆ ಹಿಡಿಕೆ ತಿರುಗಿಸಿ ಒಳಗೆ ಹೋಗಲಿಲ್ಲ.
ತಟ್ಟಿದ.

ಯಾರು?
ಒಳಗಿನಿಂದ ಅವಳ ದನಿ.

ಅವನು ನನ್ನತ್ತ ನೋಡಿದ.
ಕಾಗದದ ಚೀಲ ಅವನ ಕೈಯಲ್ಲಿ
ಸಣ್ಣಗೆ ಸದ್ದು ಮಾಡುತ್ತಿತ್ತು.